ಮಟ್ಟ ನಾಲ್ಕು ಸೆಂಟಿಮೀಟರ್ ಇಳಿಸಿ ನೋಡಿ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನಲ್ಲಿ ಮನೆ ಕಟ್ಟಬೇಕೆಂದರೆ ಮೊದಲ ಕೆಲಸ ಜಾಗ ಮಟ್ಟ ಮಾಡುವುದು. ಮೇಲಿನ ಕಡೆ ಕಡಿಯಬೇಕು, ಕೆಳಗಿನ ಕಡೆ ತುಂಬಬೇಕು. ಕಡಿದದ್ದು ತುಂಬಲು ಸರಿಹೋದರೆ ಸಾಗಾಟದ ಖರ್ಚೇ ಇಲ್ಲ. ಮಣ್ಣು ಉಳಿದರೆ ಎಷ್ಟೋ ಕಡೆ ಅದನ್ನು ಹಳ್ಳದ ಬದಿಗೆ ಸುರಿಯುತ್ತಾರೆ. ಮಳೆ ಬಂದಾಗ ಅದು ಕೆಳಗಿನವರ ಗದ್ದೆ ಸೇರುತ್ತದೆ. ಹಾಗಾಗಿ ಜೆಸಿಬಿ ಬರುವ ಮೊದಲೇ ಈ ಲೆಕ್ಕ ಆಗಬೇಕು.

ನಲವತ್ತು ಮೀಟರ್ ಉದ್ದ, ಇಪ್ಪತ್ತೈದು ಮೀಟರ್ ಅಗಲದ ಜಾಗ ಅಂದುಕೊಳ್ಳಿ. ಉದ್ದಕ್ಕೆ ಮೂರು ಮೀಟರ್ ಇಳಿಜಾರಿದೆ. ಲೆಕ್ಕ ಸುಲಭವಾಗಲಿ ಅಂತ ಅಂಚಿನ ಓರೆಗಳನ್ನು ಬಿಟ್ಟಿದ್ದೇನೆ. ಸರಿಯಾಗಿ ನಡುವಿನ ಎತ್ತರಕ್ಕೆ ಮಟ್ಟ ಇಟ್ಟರೆ ಕಡಿಯುವುದು 375 ಘನ ಮೀಟರ್, ತುಂಬುವುದೂ 375. ನೆಲದ ಎತ್ತರಗಳನ್ನು ಕೊಟ್ಟರೆ ಕಡಿತ, ಭರ್ತಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಸೊನ್ನೆ ವ್ಯತ್ಯಾಸ ತೋರಿಸುತ್ತದೆ. ಆದರೆ ಮಣ್ಣು ಹಾಗೆ ನಡೆದುಕೊಳ್ಳುವುದಿಲ್ಲ ಅಲ್ವಾ? ಅಗೆದಾಗ ಉಬ್ಬುತ್ತದೆ, ರೋಲರ್ ಹೊಡೆದಾಗ ನೆಲದಲ್ಲಿದ್ದದ್ದಕ್ಕಿಂತಲೂ ಕುಗ್ಗುತ್ತದೆ. ಹತ್ತರಲ್ಲಿ ಒಂದು ಪಾಲು ಕುಗ್ಗಿದರೆ ಸುಮಾರು 37 ಘನ ಮೀಟರ್ ಕಡಿಮೆ ಬೀಳುತ್ತದೆ. ಟಿಪ್ಪರಿನಲ್ಲಿ ಬರುವುದು ಅಗೆದು ಉಬ್ಬಿದ ಮಣ್ಣು, ಹಾಗಾಗಿ ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ ನಾಲ್ಕಲ್ಲ, ಸುಮಾರು ಐದು ಲೋಡು ಹೊರಗಿನಿಂದ ತರಿಸಬೇಕು. ಅದರ ಬದಲು ಇಡೀ ಮಟ್ಟವನ್ನು ನಾಲ್ಕು ಸೆಂಟಿಮೀಟರ್ ಕೆಳಗಿಳಿಸಿ. ಕಡಿತ ಹೆಚ್ಚುತ್ತದೆ, ಭರ್ತಿ ತಗ್ಗುತ್ತದೆ, ಲೆಕ್ಕ ಕೂಡುತ್ತದೆ. ಸಾಫ್ಟ್‌ವೇರಿನ ನಿಜವಾದ ಉಪಕಾರ ಇದು. ಮಟ್ಟವನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಿ, ಕೂತಲ್ಲೇ ಹತ್ತು ಸಲ ನೋಡಬಹುದು.

ಕುಗ್ಗುವ ಪ್ರಮಾಣ ಮಾತ್ರ ನಾವೇ ಕೊಡಬೇಕು. ಜಂಬಿಟ್ಟಿಗೆ ನೆಲಕ್ಕೂ ಜೇಡಿ ನೆಲಕ್ಕೂ ಒಂದೇ ಅಂಕಿ ಹಾಕಬಾರದು. ಬೇರು, ಎಲೆಗೊಬ್ಬರ ಇರುವ ಮೇಲ್ಮಣ್ಣನ್ನು ಮೊದಲೇ ಕೆರೆದು ಬೇರೆ ರಾಶಿ ಹಾಕಿ. ಅದು ಭರ್ತಿಗೆ ಬೇಡ, ತೋಟಕ್ಕೆ ಚಿನ್ನ.

ಇನ್ನು ಅಳತೆಯ ಮಾತು. ಕ್ಯೂಜಿಐಎಸ್‌ನಂಥ ನಕ್ಷೆಯ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು ರಾಡಾರಿನಿಂದ ಅಳೆದ ನೆಲದ ಎತ್ತರಗಳೂ ಪುಕ್ಕಟೆ. ಆದರೆ ಅಲ್ಲಿ ಮೂವತ್ತು ಮೀಟರ್ ಚೌಕಕ್ಕೆ ಒಂದೇ ಎತ್ತರ. ನಮ್ಮ ಇಡೀ ಜಾಗ ಹೆಚ್ಚುಕಡಿಮೆ ಒಂದು ಚೌಕದಷ್ಟಿದೆ! ದೊಡ್ಡ ಕಣಿವೆ ನೋಡಲು ಅದು ಸರಿ, ಮನೆ ಜಾಗಕ್ಕಲ್ಲ. ಡ್ರೋನ್ ಫೋಟೊ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಕಾಣುವುದು ಪೊದೆಯ ತಲೆ. ಮೇಲಿನ ಅರ್ಧದಲ್ಲಿ ಒಂದು ಮೀಟರ್ ಎತ್ತರದ ಲಂಟಾನ ಒತ್ತಾಗಿ ಬೆಳೆದಿದ್ದರೆ, ಇಲ್ಲದ 500 ಘನ ಮೀಟರ್ ಮಣ್ಣು ಕಡಿತಕ್ಕೆ ಸೇರುತ್ತದೆ. ಪೊದೆ ಸವರಿಸಿ, ದೂರ, ಕೋನ ಎರಡನ್ನೂ ಅಳೆಯುವ ಸರ್ವೆ ಉಪಕರಣ ಟೋಟಲ್ ಸ್ಟೇಷನ್ ಇಟ್ಟು ಅಳೆಸಿ. ಇಳಿಜಾರು ತಟ್ಟನೆ ಬದಲಾಗುವ ಅಂಚುಗಳಲ್ಲಿ ಜಾಸ್ತಿ ಬಿಂದು ತೆಗೆಸಿ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಮನೆಗೆ, ರಸ್ತೆಗೆ ಇಳಿಜಾರು ಕಡಿದದ್ದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಲೆಕ್ಕ ಕೂಡಿತು ಅಂತ ಧರೆಯನ್ನು, ಅಂದರೆ ಕಡಿದ ಮೇಲೆ ನಿಲ್ಲುವ ಮಣ್ಣಿನ ಬದಿಯನ್ನು, ಗೋಡೆಯ ಹಾಗೆ ನೆಟ್ಟಗೆ ಕಡಿಸಬೇಡಿ. ಧರೆಯ ಮೇಲ್ಗಡೆ ನೀರು ಆಚೆ ಹೋಗಲು ಕಾಲುವೆ ತೆಗೆಸಿ. ತುಂಬುವಾಗ ಒಂದೊಂದು ಪದರವೂ ಒಂದು ಅಡಿಗಿಂತ ತೆಳುವಾಗಿರಲಿ. ನೀರು ಹದವಾಗಿ ಚಿಮುಕಿಸಿ ರೋಲರ್ ಹೊಡೆಸಿ. ಮನೆಯ ತಳಪಾಯ ಆದಷ್ಟು ಕಡಿದ ಅರ್ಧದಲ್ಲೇ ಬರಲಿ. ತುಂಬಿದ ಅರ್ಧ ಅಂಗಳಕ್ಕಿರಲಿ.

ನಮಸ್ಕಾರ.