ಎಂಟನೇ ಗ್ರೇಡ್‌ನಿಂದ ಸೀದಾ ಕಾಲೇಜಿಗೆ ಹಾಕೋ ಮುಂಚೆ

ನಮಸ್ಕಾರ. ಅಮೆರಿಕದಲ್ಲಿರೋ ನಮ್ಮ ಕನ್ನಡದ ಅಪ್ಪ-ಅಮ್ಮಂದಿರಿಗೆ ಇವತ್ತಿನ ಮಾತು. ಮಗಳು ಎಂಟನೇ ಗ್ರೇಡ್, ಗಣಿತದಲ್ಲಿ ಮೂರು ವರ್ಷ ಮುಂದಿದ್ದಾಳೆ, ಹೈಸ್ಕೂಲ್ ಬಿಡಿಸಿ ಕಾಲೇಜಿಗೆ ಹಾಕಬಹುದಾ? ಹಾಕಬಹುದು. ಒಬ್ಬಳನ್ನೇ ಮಾತ್ರ ಹಾಕಬೇಡಿ.

ಬಾಲ್ಯ ಹಾಳಾಗುತ್ತೆ ಅನ್ನೋ ಭಯಕ್ಕೆ ಅಷ್ಟು ಆಧಾರ ಇಲ್ಲ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಶುರುಮಾಡಿದ ಅಧ್ಯಯನ ಇಂಥ ಮಕ್ಕಳನ್ನು ಐವತ್ತು ವಯಸ್ಸಿನವರೆಗೂ ಗಮನಿಸಿದೆ. ಬೇಗ ಮುಂದೆ ಹೋದವರ ಮನಸ್ಸಿನ ನೆಮ್ಮದಿ ಕೆಟ್ಟಿದೆ ಅನ್ನೋದಕ್ಕೆ ಅಲ್ಲಿ ಪುರಾವೆ ಸಿಕ್ಕಿಲ್ಲ. ಆದರೆ ಅದು ಸರಾಸರಿ ಲೆಕ್ಕ. ನಿಮ್ಮ ಮಗು ಯಾರ ಜೊತೆ ಕೂತು ಊಟ ಮಾಡುತ್ತೆ ಅಂತ ಅದು ಹೇಳಲ್ಲ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ನೋಡಿ. 1977ರಲ್ಲಿ ಹಾಲ್ಬರ್ಟ್ ರಾಬಿನ್ಸನ್ ಅಲ್ಲಿ ಹದಿನೈದು ತುಂಬದ ಮಕ್ಕಳನ್ನು ಸೇರಿಸಿಕೊಳ್ಳೋಕೆ ಶುರುಮಾಡಿದರು. ಮೊದಮೊದಲು ಮಕ್ಕಳು ನೇರವಾಗಿ ಡಿಗ್ರಿ ಕ್ಲಾಸಿಗೇ ಹೋಗ್ತಿದ್ದರು. ಕೆಲವರು ತಡವರಿಸಿದರು. ಬುದ್ಧಿಗೆ ಕೊರತೆ ಇರಲಿಲ್ಲ, ಕಾಲೇಜಿನ ಓದಿನ ರೂಢಿ ಇರಲಿಲ್ಲ. ಅದಕ್ಕೇ ಕ್ಯಾಂಪಸ್‌ನಲ್ಲೇ ಒಂದು ವರ್ಷದ ಟ್ರಾನ್ಸಿಷನ್ ಸ್ಕೂಲ್ ಬಂತು. ಅದರಿಂದ ಸಿಕ್ಕಿದ್ದು ಪಾಠ ಅಷ್ಟೇ ಅಲ್ಲ, ಓರಗೆಯವರ ಒಂದು ಗುಂಪೂ ಸಿಕ್ತು. ಹತ್ತನೇ ಗ್ರೇಡ್ ಮುಗಿಸಿದವರಿಗೆ ಅಲ್ಲೇ ಅಕಾಡೆಮಿ ಅಂತ ಬೇರೆ ದಾರಿ ಇದೆ. ಟೆಕ್ಸಸ್‌ನ ಡೆಂಟನ್‌ನಲ್ಲಿರೋ ಇಂಥದ್ದೇ ಒಂದು ಕಾರ್ಯಕ್ರಮದಲ್ಲಿ, 1988ರಿಂದ, 11 ಮತ್ತು 12ನೇ ಗ್ರೇಡ್ ಮಕ್ಕಳು ಹಾಸ್ಟೆಲಿನಲ್ಲಿದ್ದು ವಿಶ್ವವಿದ್ಯಾಲಯದ ಕೋರ್ಸ್‌ಗಳನ್ನೇ ಓದ್ತಾರೆ.

ಎಡವೋದು ಸಾಮಾನ್ಯವಾಗಿ ಗಣಿತದಲ್ಲಿ ಅಲ್ಲ, ಬರವಣಿಗೆಯಲ್ಲಿ. ಕ್ಯಾಲ್ಕುಲಸ್‌ನಲ್ಲಿ ಪೂರ್ತಿ ಅಂಕ ತೆಗೆಯೋ ಹುಡುಗ ಇತಿಹಾಸದ ಪ್ರಬಂಧಕ್ಕೆ ಶಾಲೆಯ ಐದು ಪ್ಯಾರಾ ಬರೆದುಕೊಡ್ತಾನೆ: ಪೀಠಿಕೆ, ಮೂರು ಅಂಶ, ಮುಕ್ತಾಯ. ತಾರೀಖೆಲ್ಲ ಸರಿ. ಪಕ್ಕದಲ್ಲಿ ಕೆಂಪಕ್ಷರದಲ್ಲಿ ಪ್ರಶ್ನೆ: 'ನಿನ್ನ ವಾದ ಏನು?' ಅವನಿಗೆ ಆ ಪ್ರಶ್ನೆಯೇ ಅರ್ಥ ಆಗಲ್ಲ. ಹೇಳಿಕೊಡೋರು ಬೇಕು.

ಇನ್ನು ವೇಗ. ವಾಷಿಂಗ್ಟನ್ ರಾಜ್ಯದ ರನ್ನಿಂಗ್ ಸ್ಟಾರ್ಟ್ ಅನ್ನೋ ಯೋಜನೆಯಲ್ಲಿ 11, 12ನೇ ಗ್ರೇಡ್‌ನವರು ಬೋಧನಾ ಶುಲ್ಕ ಇಲ್ಲದೆ ಕಮ್ಯುನಿಟಿ ಕಾಲೇಜಿನಲ್ಲಿ ಓದಬಹುದು. ಪುಸ್ತಕ, ಬಸ್ಸು, ಚಿಲ್ಲರೆ ಫೀಸು ನಿಮ್ಮದು. ಅಲ್ಲಿ ಐದು ಕ್ರೆಡಿಟ್‌ನ ಒಂದು ಕೋರ್ಸ್ ಅಂದರೆ ಹೈಸ್ಕೂಲಿನ ಒಂದು ಇಡೀ ವರ್ಷದ ಪಾಠಕ್ಕೆ ಸಮ, ಮುಗಿಯೋದು ಸುಮಾರು ಹನ್ನೊಂದು ವಾರದಲ್ಲಿ. ಒಂದು ಕ್ರೆಡಿಟ್‌ಗೆ ವಾರಕ್ಕೆ ಸುಮಾರು ಒಂದು ಗಂಟೆ ಕ್ಲಾಸು, ಆ ಒಂದು ಗಂಟೆಗೆ ಮನೆಯಲ್ಲಿ ಎರಡು ಗಂಟೆ ಓದು ಅಂತ ಇಟ್ಟುಕೊಂಡರೆ ಐದು ಕ್ರೆಡಿಟ್‌ಗೆ ವಾರಕ್ಕೆ 15 ಗಂಟೆ, ಹದಿನೈದು ಕ್ರೆಡಿಟ್‌ಗೆ 45. ದೊಡ್ಡವರ ನೌಕರಿಗಿಂತ ಜಾಸ್ತಿ! ಮೊದಲ ಸಲ ಒಂದೇ ಕೋರ್ಸ್ ಸಾಕು, ಅದೂ ಬರವಣಿಗೆ ಇರೋದೇ ಆಗಲಿ.

ಈ ಅಂಕಪಟ್ಟಿ ಜೀವನಪೂರ್ತಿ ಉಳಿಯುತ್ತೆ. ಡಾಕ್ಟರಾಗಬೇಕು ಅನ್ನೋ ಮಕ್ಕಳು ಇದನ್ನ ಸರಿಯಾಗಿ ಕೇಳಿಸಿಕೊಳ್ಳಬೇಕು: ಮೆಡಿಕಲ್ ಸ್ಕೂಲಿನ ಎಎಂಸಿಎಎಸ್ ಅರ್ಜಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ತಗೊಂಡ ಕಾಲೇಜು ಕೋರ್ಸ್‌ನ ಗ್ರೇಡೂ ಲೆಕ್ಕಕ್ಕೆ ಬರುತ್ತೆ. ಹದಿನಾಲ್ಕರ ವಯಸ್ಸಿನ ಸಿ ಗ್ರೇಡ್ ಇಪ್ಪತ್ತರಲ್ಲಿ ಎದುರಿಗೆ ಬಂದು ನಿಲ್ಲುತ್ತೆ.

ಎಚ್-4, ಅಂದರೆ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡೋರ ಹೆಂಡತಿ/ಗಂಡ, ಮಕ್ಕಳಿಗೆ ಸಿಗೋ ವೀಸಾ, ಇರೋ ಮನೆಗಳಲ್ಲಿ ಇನ್ನೊಂದು ಲೆಕ್ಕ ಇದೆ. ಈ ಮಕ್ಕಳಿಗೆ ಫೆಡರಲ್ ನೆರವು ಸಿಗಲ್ಲ, ಸಂಬಳದ ಇಂಟರ್ನ್‌ಶಿಪ್ ಮಾಡೋ ಹಾಗಿಲ್ಲ. ಹದಿನೆಂಟಕ್ಕೇ ಡಿಗ್ರಿ ಕೈಗೆ ಬಂದರೂ ಎಚ್-4ರಲ್ಲಿ ಕೆಲಸಕ್ಕೆ ಸೇರೋಕಾಗಲ್ಲ. ಹಾಗಿದ್ದ ಮೇಲೆ ನಾಲ್ಕು ವರ್ಷ ಉಳಿಸಿ ಯಾವ ಲಾಭ? ವರ್ಷ ಉಳಿಸೋಕೆ ಅಂತಲೇ ಹೊರಟಿದ್ದರೆ ನನ್ನ ಪ್ರಕಾರ ಬೇಡ.

ಕಾಲೇಜಿಗೆ ಸೇರಿದ ದಿನದಿಂದ ಅಂಕಪಟ್ಟಿ ನೋಡೋ ಹಕ್ಕು ಮಗುವಿನದು, ಎಷ್ಟೇ ಚಿಕ್ಕ ವಯಸ್ಸಾಗಿರಲಿ. ಫೆಡರಲ್ ಕಾನೂನು ಅದು. ಮಗು ಟ್ಯಾಕ್ಸ್‌ನಲ್ಲಿ ನಿಮ್ಮ ಅವಲಂಬಿತ ಅಂತಿದ್ದರೆ ಕಾಲೇಜು ತೋರಿಸಬಹುದು, ತೋರಿಸಲೇಬೇಕು ಅಂತಿಲ್ಲ. ಪಿಟಿಎಂ ಅನ್ನೋದನ್ನ ಮರೆತುಬಿಡಿ. ಹಾಗಾಗಿ ಪಾಠ ಶುರುವಾದ ದಿನವೇ ಮಗಳ ಜೊತೆ ಕೂತು ಕೋರ್ಸ್ ಬಿಡೋಕೆ ಕೊನೇ ತಾರೀಖು ಯಾವುದು, ಮೊದಲ ಮಿಡ್‌ಟರ್ಮ್ ಅಂಕ ಅದಕ್ಕಿಂತ ಮುಂಚೆ ಬರುತ್ತಾ ಅಂತ ಸಿಲಬಸ್‌ನಲ್ಲಿ ಹುಡುಕಿ. ಬರಲ್ಲ ಅಂತಾದರೆ, ತಾನು ಎಲ್ಲಿದ್ದೀನಿ ಅಂತ ಮೂರನೇ ವಾರದೊಳಗೆ ಅವಳೇ ಪ್ರೊಫೆಸರ್ ಆಫೀಸ್ ಅವರ್‌ಗೆ ಹೋಗಿ ಕೇಳಬೇಕು.