ಇಂಜೆಕ್ಷನ್ನಿಗೆ ಮುನ್ನ: ನಡುವಯಸ್ಸಿನ ಗಂಡಸರ ಟೆಸ್ಟೋಸ್ಟೆರಾನ್ ಕೊರತೆ

ಹಿರಿಯರೇ, ಗೆಳೆಯರೇ, ತಾಯಂದಿರೇ,

ಗಂಡಸುತನದ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕಡಿಮೆ ಇದೆ ಎಂದು ಬರೆದಿರುವ ಒಂದೇ ಒಂದು ಲ್ಯಾಬ್ ರಿಪೋರ್ಟನ್ನು ಹಿಡಿದುಕೊಂಡು ಬಂದು, ‘ಇದಕ್ಕೊಂದು ಇಂಜೆಕ್ಷನ್ ಕೊಡ್ರೀ ಸರ್’ ಎಂದು ಕೇಳುವ ನಡುವಯಸ್ಸಿನ ಗಂಡಸರನ್ನು ಹುಬ್ಬಳ್ಳಿ-ಧಾರವಾಡದ ದವಾಖಾನೆಗಳಲ್ಲಿ ನಾವು ನೋಡುತ್ತಿರುತ್ತೇವೆ. ಅವರು ವೈದ್ಯರ ಬಳಿಗೆ ಬಂದದ್ದೇ ಒಳ್ಳೆಯದು. ನಾಚಿಕೆಯಿಂದ ಯಾರಿಗೂ ಹೇಳದೆ, ಗೋಡೆಯ ಮೇಲೆ ‘ಗುಪ್ತ ಸಮಸ್ಯೆ’ ಎಂದು ಬರೆಸಿದ ಫೋನ್ ನಂಬರಿಗೆ ಮೊರೆಹೋದವರು ಏನು ಬೆರೆಸಿದ್ದಾರೆಂದು ತಿಳಿಯದ ಪುಡಿ ನುಂಗಿ, ಹಣವನ್ನೂ ಕಾಲವನ್ನೂ ಕಳೆದುಕೊಳ್ಳುತ್ತಾರೆ. ಆದರೂ ಆ ಒಂದು ರಿಪೋರ್ಟನ್ನು ನಂಬಿ ಇಂಜೆಕ್ಷನ್ ಚುಚ್ಚಲು ಬರುವುದಿಲ್ಲ. ಏಕೆ ಬರುವುದಿಲ್ಲ ಎಂಬುದನ್ನು ಇಂದು ವಿವರಿಸುತ್ತೇನೆ.

ಈ ಹಾರ್ಮೋನು ತಯಾರಾಗುವುದು ವೃಷಣಗಳಲ್ಲಿ; ತಯಾರಿಸುವಂತೆ ಅಪ್ಪಣೆ ಬರುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ನಲವತ್ತರ ಆಸುಪಾಸಿನಿಂದ ಅದರ ಪ್ರಮಾಣ ವರ್ಷಕ್ಕೆ ಸರಾಸರಿ ಶೇ 1ರಷ್ಟು ಇಳಿಯುತ್ತದೆ, ಹೆಂಗಸರ ಮುಟ್ಟು ನಿಲ್ಲುವ ಹಾಗೆ ಇದು ನಿಂತುಹೋಗುವುದಿಲ್ಲ. ಯುರೋಪಿನ ಎಂಟು ದೇಶಗಳಲ್ಲಿ 40ರಿಂದ 79 ವರ್ಷದ ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣಗಳೂ ರಕ್ತದ ಅಂಕಿಯೂ ಎರಡೂ ಸೇರಿ ನಿಜವಾದ ಕೊರತೆ ಎನ್ನಬಹುದಾದವರು ಸುಮಾರು ಶೇ 2 ಮಾತ್ರ. ಸುಸ್ತು, ಸಿಟ್ಟು, ನಿದ್ದೆಗೇಡು ಇವೆಲ್ಲ ಹತ್ತು ಕಾರಣಕ್ಕೆ ಬರುತ್ತವೆ. ಕಾಮಾಸಕ್ತಿ ಕುಗ್ಗುವುದು, ಬೆಳಗಿನ ಜಾವದ ಉದ್ರೇಕ ಇಲ್ಲವಾಗುವುದು, ನಿಮಿರು ದೌರ್ಬಲ್ಯ ಈ ಮೂರೂ ಜೊತೆಗೂಡಿದರೆ ಅನುಮಾನ ಬಲವಾಗುತ್ತದೆ.

ಇನ್ನು ಪರೀಕ್ಷೆಯ ಹೊತ್ತು. ನಮ್ಮ ಭಾಗದಲ್ಲಿ ಹೆಚ್ಚು ಎಡವುವುದು ಇಲ್ಲಿಯೇ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಏರಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಊಟವಾದ ಮೇಲೂ ಇಳಿಯುತ್ತದೆ. ನವಲಗುಂದದಿಂದಲೋ ಶಿಗ್ಗಾವಿಯಿಂದಲೋ ಬಸ್ಸು ಹತ್ತಿ, ಹುಬ್ಬಳ್ಳಿಯಲ್ಲಿ ನಾಷ್ಟಾ ಮುಗಿಸಿ, ಹನ್ನೆರಡು ಗಂಟೆಗೆ ಪಾಳಿ ಹಚ್ಚಿ ರಕ್ತ ಕೊಟ್ಟವರ ಅಂಕಿ ಕಡಿಮೆ ಬಂದರೆ ಅದರಿಂದ ಏನನ್ನೂ ತೀರ್ಮಾನಿಸಲಾಗದು. ಬರಿಹೊಟ್ಟೆಯಲ್ಲಿ, ಬೆಳಿಗ್ಗೆ ಹತ್ತರೊಳಗೆ, ಬೇರೆ ಬೇರೆ ಎರಡು ದಿನ ರಕ್ತ ಕೊಡಬೇಕು, ಜ್ವರವಿದ್ದಾಗ ಕೊಡಬಾರದು. ನಿಮ್ಮೂರಿನಲ್ಲೇ ನಂಬಿಕೆಯ ಲ್ಯಾಬ್ ಇದ್ದರೆ ಅಲ್ಲಿಯೇ ಕೊಟ್ಟು ಬನ್ನಿ. ಎರಡೂ ಸಲ ಡೆಸಿಲೀಟರಿಗೆ 300 ನ್ಯಾನೊಗ್ರಾಮಿಗಿಂತ ಕಡಿಮೆ ಬಂದು, ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎನ್ನಬೇಕೆಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘ 2018ರಲ್ಲಿ ಹೇಳಿದೆ.

ಕೊರತೆ ಖಚಿತವಾದ ಮೇಲೂ ಕಾರಣ ಹುಡುಕುವ ಕೆಲಸ ಉಳಿಯುತ್ತದೆ. ಎಲ್‌ಎಚ್ ಎಂಬ, ಪಿಟ್ಯುಟರಿಯ ಅಪ್ಪಣೆಯನ್ನು ವೃಷಣಕ್ಕೆ ಒಯ್ಯುವ ಹಾರ್ಮೋನು ಹೆಚ್ಚಿದ್ದರೆ ದೋಷ ವೃಷಣದಲ್ಲಿ, ಕೆಲವೊಮ್ಮೆ ಹರೆಯದಲ್ಲಿ ಬಂದುಹೋದ ಮಂಗನಬಾವಿನಿಂದ; ಅದು ಕಡಿಮೆ ಅಥವಾ ಸಾಧಾರಣವಾಗಿದ್ದರೆ ಪಿಟ್ಯುಟರಿಯ ಕಡೆ ನೋಡಬೇಕು, ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ಪರೀಕ್ಷಿಸಬೇಕು, ಏಕೆಂದರೆ ಅಪರೂಪಕ್ಕೆ ಅಲ್ಲಿ ಗಡ್ಡೆಯೂ ಇರಬಹುದು. ಆದರೆ ನಮ್ಮ ಮುಂದೆ ಕೂರುವ ಬಹುಮಂದಿಯಲ್ಲಿ ಕಾರಣ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಗೊರಕೆ ಹೊಡೆಯುತ್ತ ಉಸಿರು ಕಟ್ಟುವ ನಿದ್ದೆ. ತೂಕ ಇಳಿಸಿದರೆ ಇವರಲ್ಲಿ ಟೆಸ್ಟೋಸ್ಟೆರಾನ್ ತಾನಾಗಿ ಏರುತ್ತದೆ. ನಿಮಿರು ದೌರ್ಬಲ್ಯವು ಎಷ್ಟೋ ಸಲ ಹೃದಯದ ರಕ್ತನಾಳಗಳ ತೊಂದರೆಗೆ ಮುನ್ಸೂಚನೆಯಾಗಿರುವುದರಿಂದ ಶುಗರ್, ಬಿಪಿ, ಕೊಲೆಸ್ಟ್ರಾಲ್ ನೋಡದೆ ಯಾರನ್ನೂ ಮನೆಗೆ ಕಳಿಸಬಾರದೆಂಬುದು ನನ್ನ ಗಟ್ಟಿ ಅಭಿಪ್ರಾಯ.

ನಿಜವಾಗಿ ಬೇಕಾದವರಿಗೆ ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಡುವ ಚಿಕಿತ್ಸೆ ಬಹಳ ಉಪಕಾರಿ. ಚರ್ಮಕ್ಕೆ ಹಚ್ಚುವ ಜೆಲ್ ಇದೆ, ಎರಡು-ಮೂರು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ ಕೊಡುವುದೂ ಇದೆ. ಆದರೆ ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯುಟರಿ ತನ್ನ ಅಪ್ಪಣೆಯನ್ನು ನಿಲ್ಲಿಸುವುದರಿಂದ ವೀರ್ಯಾಣುಗಳು ಕುಸಿಯುತ್ತವೆ, ಕೆಲವರಲ್ಲಿ ಪೂರ್ತಿ ಇಲ್ಲವಾಗುತ್ತವೆ. ಹಾವೇರಿ, ಗದಗ ಕಡೆಯ ಒಕ್ಕಲು ಮನೆಗಳಲ್ಲಿ ಹೆಣ್ಣು ಸಿಗದೆ ನಲವತ್ತರ ಹತ್ತಿರ ಲಗ್ನವಾಗುತ್ತಿರುವ ಗಂಡುಮಕ್ಕಳನ್ನು ನೆನೆದರೆ, ಈ ಒಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು ಎನಿಸುತ್ತದೆ: ಮಕ್ಕಳು ಬೇಕೆನ್ನುವವರು ಇದನ್ನು ತೆಗೆದುಕೊಳ್ಳಬಾರದು, ಅವರಿಗೆ ಬೇರೆ ಔಷಧಿಗಳಿವೆ. ಜಿಮ್ಮಿನಲ್ಲಿ ಯಾರೋ ಕೊಟ್ಟ ಸ್ಟೆರಾಯ್ಡ್ ಚುಚ್ಚಿಸಿಕೊಂಡವರಿಗೂ ಆಗುವುದು ಇದೇ.

ಈ ಚಿಕಿತ್ಸೆಯಿಂದ ಹೃದಯಕ್ಕೆ ಅಪಾಯವೆಂದು ಇದ್ದ ಭಯ ಸ್ವಲ್ಪ ಕಡಿಮೆಯಾಗಿದೆ. ಹೃದ್ರೋಗವಿದ್ದ ಅಥವಾ ಅದರ ಅಪಾಯ ಹೆಚ್ಚಿದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ; ಆದರೆ ಹೃದಯದ ಬಡಿತ ಲಯ ತಪ್ಪುವುದು, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗುವುದು ತುಸು ಹೆಚ್ಚಾಗಿ ಕಂಡವು. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಕೊಟ್ಟವರಲ್ಲಿ ಪಿಎಸ್‌ಎ (ಪ್ರಾಸ್ಟೇಟಿನ ರಕ್ತಪರೀಕ್ಷೆ) ಮತ್ತು ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಪರೀಕ್ಷೆ ತಪ್ಪಬಾರದು. ಹಿಮಟೋಕ್ರಿಟ್ ಶೇ 54 ದಾಟಿದರೆ ರಕ್ತ ದಪ್ಪವಾಗಿದೆ ಎಂದರ್ಥ, ಆಗ ಔಷಧಿ ತಡೆಯಬೇಕು. ಹಾರ್ಮೋನಿನ ಪ್ರಮಾಣ ಸರಿಹೋಗಿ ಆರು ತಿಂಗಳಾದರೂ ನಿಮ್ಮ ತೊಂದರೆ ಹಾಗೇ ಇದ್ದರೆ, ಔಷಧಿ ನಿಲ್ಲಿಸಿ ಬೇರೆ ಕಾರಣವನ್ನು ಹುಡುಕುವಂತೆ ವೈದ್ಯರನ್ನು ನೀವೇ ಕೇಳಿ.

ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳಿಸಿ, ಹೆಸರು ಬೇಡ.