ಡ್ರೈವ್ ಸತ್ತರೂ ಡೇಟಾ ಸತ್ತಿರುವುದಿಲ್ಲ

ಎಲ್ಲರಿಗೂ ನಮಸ್ಕಾರ.

2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ವಾಪಸ್ ಬರುವಾಗ ಟೆಕ್ಸಸ್ ಮೇಲೆ ಆಕಾಶದಲ್ಲೇ ಒಡೆದು ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳೂ ಜನ ತೀರಿಕೊಂಡರು. ಆ ಸುದ್ದಿ ನಿಮ್ಮಲ್ಲಿ ಅನೇಕರಿಗೆ ಇವತ್ತಿಗೂ ನೆನಪಿರುತ್ತದೆ. ಅದೇ ನೌಕೆಯಲ್ಲಿದ್ದ ಒಂದು ಹಾರ್ಡ್ ಡಿಸ್ಕ್ ಬಗ್ಗೆ ಮಾತ್ರ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇವತ್ತು ನಾನು ಹೇಳಬೇಕೆಂದಿರುವುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ನೌಕೆಯಲ್ಲಿ ಕ್ಸೆನಾನ್ ಅನಿಲದ ಮೇಲೆ ಒಂದು ಪ್ರಯೋಗ ನಡೆಯುತ್ತಿತ್ತು. ದ್ರವವೂ ಅಲ್ಲ, ಅನಿಲವೂ ಅಲ್ಲ ಎನ್ನುವ ಹಂತಕ್ಕೆ ಅದನ್ನು ತಂದು ಕಲಕಿದರೆ ಅದರ ಮಂದತನ ಕಡಿಮೆಯಾಗುತ್ತದೆಯೇ ಎಂಬುದು ಪ್ರಶ್ನೆ. ಭೂಮಿಯ ಮೇಲೆ ಇದನ್ನು ಸರಿಯಾಗಿ ಅಳೆಯಲಾಗದು. ಆ ಹಂತದಲ್ಲಿ ಕ್ಸೆನಾನ್ ತನ್ನ ತೂಕಕ್ಕೇ ಕುಸಿದು, ಕೆಳಗೆ ದಟ್ಟ, ಮೇಲೆ ತೆಳು ಆಗಿಬಿಡುತ್ತದೆ. ಅಳತೆಗಳಲ್ಲಿ ಒಂದು ಭಾಗ ರೇಡಿಯೊ ಮೂಲಕ ಮೊದಲೇ ಕೆಳಗೆ ಬಂದಿತ್ತು. ಉಳಿದದ್ದೆಲ್ಲ ಡಿಸ್ಕಿನಲ್ಲಿತ್ತು.

ಮಿನೆಸೋಟಾದ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯ ಎಂಜಿನಿಯರ್ ಜಾನ್ ಎಡ್ವರ್ಡ್ಸ್ ಅವರ ಕೈಗೆ ಆ ಡಿಸ್ಕ್ ಬಂದಾಗ ಅದು ಕರಕಲಾದ ಒಂದು ಲೋಹದ ಗಟ್ಟಿ. ಸರ್ಕ್ಯೂಟ್ ಬೋರ್ಡ್ ಸುಟ್ಟಿತ್ತು. ಧೂಳು ತಡೆಯುವ ಸೀಲ್ ಕರಗಿ, ಒಳಗೆ ಕಸ ಹೊಕ್ಕಿತ್ತು. ಡೇಟಾ ಇರುವ ತಟ್ಟೆಗಳಲ್ಲಿ ಗುಳಿ ಬಿದ್ದಿತ್ತು, ಆದರೆ ತಟ್ಟೆಗಳು ಸೊಟ್ಟಗಾಗಿರಲಿಲ್ಲ. ಅವರು ತಟ್ಟೆಗಳನ್ನು ರಾಸಾಯನಿಕದಿಂದ ತೊಳೆದು, ಬೇರೊಂದು ಡ್ರೈವ್‌ಗೆ ಕೂರಿಸಿ ಓದಿದರು. ಸುಮಾರು ಶೇ. 99ರಷ್ಟು ಡೇಟಾ ಸಿಕ್ಕಿತು. ಅದರ ಆಧಾರದ ಮೇಲೆ ಬರೆದ ಪ್ರಬಂಧ 2008ರಲ್ಲಿ ಪ್ರಕಟವಾಯಿತು. ಕಲಕಿದರೆ ಕ್ಸೆನಾನ್ ತೆಳುವಾಗುತ್ತದೆ ಎಂದು ಅಲ್ಲಿ ಖಚಿತವಾಯಿತು.

ಇಲ್ಲಿ ಅದೃಷ್ಟದ ಪಾಲೂ ಇತ್ತು. ಆ ಕಂಪ್ಯೂಟರನ್ನು ನಡೆಸುತ್ತಿದ್ದ ಮೂಲ ತಂತ್ರಾಂಶ ಹಳೆಯ ಡಾಸ್. ಅದು ಡೇಟಾವನ್ನು ಅಲ್ಲಲ್ಲಿ ಚೆಲ್ಲಾಡುವುದಿಲ್ಲ. ನೋಟ್‌ಬುಕ್ಕನ್ನು ಮೊದಲ ಪುಟದಿಂದ ತುಂಬಿಸಿಕೊಂಡು ಹೋದ ಹಾಗೆ ಒಂದು ಕಡೆಯಿಂದ ಬರೆಯುತ್ತದೆ. ಡಿಸ್ಕ್ ಅರ್ಧವಷ್ಟೇ ತುಂಬಿತ್ತು, ಗುಳಿ ಬಿದ್ದದ್ದು ಬಹುತೇಕ ಖಾಲಿ ಜಾಗದಲ್ಲಿ. ಅದೇ ನೌಕೆಯಿಂದ ಬಂದ ಇನ್ನೆರಡು ಡಿಸ್ಕ್‌ಗಳಿಂದ ಏನೂ ಸಿಗಲಿಲ್ಲ. ಇದನ್ನೂ ಹೇಳಲೇಬೇಕು.

ಆದರೆ ಯೋಚಿಸಿ. ಅಷ್ಟು ಎತ್ತರದಿಂದ ಬೆಂಕಿಯಲ್ಲಿ ಬಿದ್ದ ಡಿಸ್ಕಿನಿಂದ ಡೇಟಾ ಬಂತು. ನಮ್ಮ ಮನೆಯ ಅಟ್ಟದಲ್ಲಿ ಸುಮ್ನೆ ಮಲಗಿರುವ ಡಿಸ್ಕಿನಿಂದ ಯಾಕೆ ಬರುವುದಿಲ್ಲ? ನನಗೆ ಕಂಡಂತೆ ಕಾರಣ ಒಂದೇ. ಅದು ಕೆಟ್ಟ ಮೇಲೆ ನಾವು ಅದನ್ನು ಮತ್ತೆ ಮತ್ತೆ ಚಾಲೂ ಮಾಡುತ್ತೇವೆ.

ಒಳಗೆ ಏನಾಗುತ್ತದೆ ನೋಡಿ. 1980ರ ದಶಕದ ಸೀಗೇಟ್ ಎಸ್‌ಟಿ-225 ತೆಗೆದುಕೊಳ್ಳಿ. 20 ಎಂಬಿ ಡ್ರೈವ್. ತಟ್ಟೆ ಸುಮಾರು 13 ಸೆಂಟಿಮೀಟರ್ ಅಗಲ, ನಿಮಿಷಕ್ಕೆ 3600 ಸುತ್ತು. ಲೆಕ್ಕ ಹಾಕಿದರೆ ತಟ್ಟೆಯ ಅಂಚು ಗಂಟೆಗೆ ಸುಮಾರು 88 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಓದುವ ಹೆಡ್ ಅದರ ಮೇಲೆ ತೆಳುವಾದ ಗಾಳಿಯ ಪದರದಲ್ಲಿ ತೇಲಬೇಕು. ಹೆಡ್ ಬಾಗಿ ತಟ್ಟೆಗೆ ತಾಗಿದ್ದರೆ, ಒಂದು ನಿಮಿಷ ಚಾಲೂ ಇಟ್ಟರೆ ಸಾಕು, ಒಂದೇ ಜಾಗವನ್ನು 3600 ಸಲ ಕೆರೆಯುತ್ತದೆ. ಕೆರೆದು ಎದ್ದ ಪುಡಿ ಉಳಿದ ಹೆಡ್‌ಗಳ ಕೆಳಗೂ ಹೋಗುತ್ತದೆ. ಡೇಟಾ ಇರುವುದು ತಟ್ಟೆಯ ಮೇಲಿನ ಕಾಂತದ ಪದರದಲ್ಲಿ, ಅದು ಒಮ್ಮೆ ಉದುರಿತೆಂದರೆ ಮುಗಿಯಿತು. ಯಾವ ಲ್ಯಾಬ್‌ನಲ್ಲೂ ಅದನ್ನು ವಾಪಸ್ ತರಲು ಆಗುವುದಿಲ್ಲ.

ಹಾಗಾಗಿ ಮೊದಲು ಸದ್ದು ಕೇಳಿ. ಕೆರೆಯುವ ಸದ್ದು ಬಂದರೆ ಆ ಕ್ಷಣವೇ ಪವರ್ ತೆಗೆಯಿರಿ. ಮೋಟಾರ್ ಗುಂಯ್ ಎನ್ನುತ್ತದೆ, ತಟ್ಟೆ ಮಾತ್ರ ತಿರುಗುವುದಿಲ್ಲ ಅಂದರೆ ಹೆಡ್ ತಟ್ಟೆಗೆ ಅಂಟಿರಬಹುದು. ವರ್ಷಗಟ್ಟಲೆ ನಿಂತ ಹಳೆಯ ಡ್ರೈವ್‌ಗಳಲ್ಲಿ ಇದು ಮಾಮೂಲು. ಇನ್ನು ತಟ್ಟೆ ಚೆನ್ನಾಗಿ ತಿರುಗುತ್ತದೆ, ಹೆಡ್ ಮಾತ್ರ ಕದಲುವುದಿಲ್ಲ ಅಂತಲೂ ಆಗುತ್ತದೆ. ಹಳೆಯ ಮ್ಯಾಕಿಂಟಾಷ್‌ಗಳಲ್ಲಿ ಬರುತ್ತಿದ್ದ ಕ್ವಾಂಟಮ್ ಡ್ರೈವ್‌ಗಳಲ್ಲಿ ಇದನ್ನು ಕಾಣಬಹುದು. ಹೆಡ್ ತೋಳು ಬಂದು ತಾಗಿ ನಿಲ್ಲುವ ಕಡೆ ಒಂದು ಪುಟ್ಟ ರಬ್ಬರ್ ಇರುತ್ತದೆ. ಮೂವತ್ತು ವರ್ಷಕ್ಕೆ ಅದು ಕರಗಿ ಡಾಂಬರಿನ ಹಾಗೆ ಅಂಟಂಟಾಗಿ, ತೋಳನ್ನು ಹಿಡಿದುಕೊಂಡುಬಿಡುತ್ತದೆ. ಡೇಟಾಗೆ ಏನೂ ಆಗಿರುವುದಿಲ್ಲ, ತಡೆದಿರುವುದು ಆ ರಬ್ಬರ್ ಅಷ್ಟೆ! ತಿಳಿದವರು ಮುಚ್ಚಳ ತೆಗೆದು ತೋಳನ್ನು ಬಿಡಿಸಿ, ರಬ್ಬರ್ ತಾಗದಂತೆ ಮಾಡಿ, ಮುಚ್ಚಿ, ತಡಮಾಡದೆ ಪೂರ್ತಿ ನಕಲು ತೆಗೆದುಕೊಳ್ಳುತ್ತಾರೆ.

ಇದು ಹಳೆಯ ಡ್ರೈವ್‌ಗೆ ಮಾತ್ರ ಸಲ್ಲುವ ಧೈರ್ಯ. ಅವುಗಳಲ್ಲಿ ಹೆಡ್ ಸ್ವಲ್ಪ ಎತ್ತರದಲ್ಲಿ ತೇಲುತ್ತದೆ. ಈಗಿನವುಗಳಲ್ಲಿ ಆ ಅಂತರ ಕೆಲವೇ ನ್ಯಾನೋಮೀಟರ್. ಕಣ್ಣಿಗೆ ಕಾಣದ ಒಂದು ಕಣ ಸಾಕು ಕೆಡಿಸಲು. ಅದಕ್ಕೇ ಇವನ್ನು ತೆರೆಯುವುದು ಕ್ಲೀನ್ ರೂಮಿನಲ್ಲಿ, ಅಂದರೆ ಗಾಳಿಯ ಧೂಳು ಸೋಸಿದ ಕೋಣೆಯಲ್ಲಿ. ಐಎಸ್‌ಒ 5 ದರ್ಜೆಯ ಅಂಥ ಕೋಣೆಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3520ಕ್ಕಿಂತ ಹೆಚ್ಚು ಇರಬಾರದು. ನಮ್ಮ ಮನೆಯ ಟೇಬಲ್ ಮೇಲೆ ಇದು ಸಾಧ್ಯವೇ ಇಲ್ಲ, ಅಲ್ವಾ? ಹಾಗೆಯೇ ಕೆಟ್ಟ ಡ್ರೈವನ್ನು ಫ್ರೀಜರಿನಲ್ಲಿ ಇಡುವ ಉಪಾಯವನ್ನೂ ಬಿಟ್ಟುಬಿಡಿ. ಹೊರಗೆ ತೆಗೆದಾಗ ತಟ್ಟೆಯ ಮೇಲೆ ನೀರು ಕೂರುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳುವುದೇ ಬೇಡ.

ಎಸ್‌ಟಿ-225 ಕಾಲದ ಡ್ರೈವ್‌ಗಳ ಇನ್ನೊಂದು ಸ್ವಭಾವ ನನಗೆ ಬಹಳ ಇಷ್ಟ. ಅವುಗಳ ಹೆಡ್ ಟ್ರ್ಯಾಕ್ ಅನ್ನು, ಅಂದರೆ ಡೇಟಾ ಬರೆದಿರುವ ವೃತ್ತವನ್ನು, ಹುಡುಕುವುದಿಲ್ಲ, ಸ್ಟೆಪ್ಪರ್ ಮೋಟಾರ್ ಎಣಿಸಿದಷ್ಟು ಹೆಜ್ಜೆ ಇಟ್ಟು ನಿಲ್ಲುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದರೆ ಲೆಕ್ಕ ಕೂದಲೆಳೆಯಷ್ಟು ತಪ್ಪುತ್ತದೆ. ಅದಕ್ಕೇ ತಣ್ಣಗಿದ್ದಾಗ ಓದದ ಡ್ರೈವ್ ಅರ್ಧ ಗಂಟೆ ಓಡಿದ ಮೇಲೆ ಓದಿಬಿಡುವುದುಂಟು. ಇದು ಕೆರೆಯುವ ಸದ್ದು ಇಲ್ಲದ ಡ್ರೈವ್‌ಗೆ ಮಾತ್ರ.

ಓದಲು ಶುರುವಾಯಿತೆಂದರೆ ಫೈಲ್ ಒಂದೊಂದೇ ತೆರೆಯುತ್ತಾ ಕೂರಬೇಡಿ. ಡಿಡಿರೆಸ್ಕ್ಯೂ ತರಹದ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್, ಅಂದರೆ ಪೂರ್ತಿ ನಕಲು, ತೆಗೆಯಿರಿ. ಅದು ಸಲೀಸಾಗಿ ಓದುವ ಭಾಗವನ್ನು ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಬರುತ್ತದೆ. ಆ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಬೇಡಿ.

ಕನ್ನಡದವರಿಗೆ ಇನ್ನೂ ಒಂದು ಕೆಲಸ ಉಳಿಯುತ್ತದೆ. ತೊಂಬತ್ತರ ದಶಕದ ಡಿಟಿಪಿ ಫೈಲ್‌ಗಳು, ಅಂದರೆ ಪುಸ್ತಕ, ಪತ್ರಿಕೆಗೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿದವು, ಈಗ ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ ಇರುವುದಿಲ್ಲ. ಬರೆಯಲು ಬಳಸಿದ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಜನ ಅಳಿಸಿಬಿಡುತ್ತಾರೆ. ಅದು ಕೆಟ್ಟಿಲ್ಲ. ಅದೇ ಡಿಸ್ಕಿನ ಫಾಂಟ್ಸ್ ಫೋಲ್ಡರ್ ಉಳಿಸಿಕೊಂಡರೆ ಯೂನಿಕೋಡ್‌ಗೆ ಬದಲಿಸಲು ಯಾವ ಕನ್ವರ್ಟರ್ ಬೇಕೆಂದು ತಿಳಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆಗಳು. ಡ್ರೈವ್ ತಂದಿರುವವರು ದಯವಿಟ್ಟು ಅದನ್ನು ಇಲ್ಲಿ ಚಾಲೂ ಮಾಡಿ ತೋರಿಸಬೇಡಿ. ಮಾಡೆಲ್ ನಂಬರ್ ಹೇಳಿ, ಕೊನೆಯ ಸಲ ಎಂಥ ಸದ್ದು ಬಂತು ಹೇಳಿ. ಅಲ್ಲಿಂದ ಶುರು ಮಾಡೋಣ.